ತೊಕುಜಿ ಬರೆದ ತಂಗಿ

ಬಹಳ ಹಿಂದೆ, ಮೂಡಣ ಕಡಲಿನ ಆಚೆ ಒಂದು ದ್ವೀಪರಾಜ್ಯ. ಅಲ್ಲಿ ತೊಕುಜಿ ಎಂಬ ಚಿತ್ರಗಾರ. ಒಂದೇ ಚಿತ್ರವನ್ನು ಹಾಳೆಯಿಂದ ಹಾಳೆಗೆ ಚೂರುಚೂರೇ ಬದಲಿಸಿ ಬರೆದು, ಕಟ್ಟು ಹಿಡಿದು ಸರ್ರನೆ ಮಗುಚಿದನೆಂದರೆ ಚಿತ್ರದ ಕುದುರೆ ಓಡುತ್ತಿತ್ತು! ಅಪ್ಪ ಅಮ್ಮ ಇಲ್ಲದ ಅವನಿಗೆ ಇದ್ದವಳು ತಂಗಿ ಕಿನು ಒಬ್ಬಳೇ.

ಆ ಕಿನು ಒಂದು ದಿನ ಊರಾಚೆಯ ಜೌಗಿನಲ್ಲಿದ್ದ ಮಾಂತ್ರಿಕನೊಬ್ಬನ ಉದ್ದ ಮೂಗು ನೋಡಿ ಕಿಸಕ್ಕನೆ ನಕ್ಕಳು. ಮಗು ಅದು, ನಗದೆ ಇನ್ನೇನು ಮಾಡೀತು? ಆ ಪಾಪಿ ಅವಳನ್ನು ಕೊಕ್ಕರೆ ಮಾಡಿಬಿಟ್ಟ.

ತೊಕುಜಿ ಓಡಿಹೋಗಿ ಅವನ ಕಾಲು ಹಿಡಿದ. "ನನ್ನ ತಂಗಿಯನ್ನು ಕೊಟ್ಟುಬಿಡು, ಮಹಾರಾಯ."

"ಅವಳ ಚಿತ್ರ ಬರೆ. ಅದು ನಡೀಬೇಕು, ನಗಬೇಕು, ಅಳಬೇಕು. ವಸಂತಕ್ಕೆ ಕೊಕ್ಕರೆಗಳು ಬಡಗಕ್ಕೆ ಹೊರಡುವುದರೊಳಗೆ ಮುಗಿಸಿದರೆ ನನ್ನ ಮಂತ್ರ ಮುರಿಯುತ್ತೆ. ಇಲ್ಲದಿದ್ದರೆ ಅವಳೂ ಹಾರಿಹೋಗ್ತಾಳೆ," ಅಂದ ಮಾಂತ್ರಿಕ.

ಏನು ಬರೆಯಬೇಕಾದರೂ ಮೊದಲು ತಾನೇ ಆಡಿ ನೋಡುವುದು ಇಂಥ ಓಡುವ ಚಿತ್ರ ಬರೆಯುವವರ ಪದ್ಧತಿ. ತೊಕುಜಿ ಕೋಣೆಯಲ್ಲಿ ತಂಗಿಯ ಹಾಗೆ ಪುಟಪುಟ ನಡೆದ, ಹಿಮ್ಮಡಿ ಹೇಗೆ ಏಳುತ್ತದೆ ನೋಡಿಕೊಂಡು ಕೂತು ಬರೆದ. ಹಾಳೆ ಮಗುಚಿದ. ಚಿತ್ರದ ಕಿನು ನಡೆದಳು! ಖುಷಿಯಲ್ಲಿ ಏಳಹೋದರೆ, ಅವನ ಕಾಲುಗಳಲ್ಲಿ ಜೀವವಿಲ್ಲ.

"ಹೇಳೋದು ಮರೆತೆ," ಎಂದು ಕಿಟಕಿಯಲ್ಲಿ ಮಾಂತ್ರಿಕ ಹಲ್ಲು ಕಿರಿದ. "ಚಿತ್ರಕ್ಕೆ ಕೊಟ್ಟದ್ದು ನಿನಗೆ ಉಳಿಯಲ್ಲ. ಸಾಕು ಮಾಡ್ತೀಯಾ?"

"ಕಾಲು ಹೋದರೆ ಹೋಗಲಿ, ಕೈ ಇದೆಯಲ್ಲ," ಅಂದ ತೊಕುಜಿ.

ಕನ್ನಡಿಯ ಮುಂದೆ ತಂಗಿಯ ಹಾಗೆ ನಕ್ಕ, ಬರೆದ. ಚಿತ್ರ ನಕ್ಕಿತು, ಅವನ ನಗು ಹೋಯಿತು. ಹೊರಗೆ ಹಿಮ ಕರಗುತ್ತಿತ್ತು, ಕೊಕ್ಕರೆಗಳು ರೆಕ್ಕೆ ಬಡಿಯುತ್ತಿದ್ದವು. ಅಳುವುದಕ್ಕೆ ಕಷ್ಟಪಡಬೇಕಿರಲಿಲ್ಲ, ಪಾಪ. ಕನ್ನಡಿ ನೋಡುತ್ತ, ಕಣ್ಣೀರು ಸುರಿಸುತ್ತಲೇ ಬರೆದ. ಚಿತ್ರ ಬಿಕ್ಕಿ ಬಿಕ್ಕಿ ಅತ್ತಿತು. ಅವನ ಕಣ್ಣು ಒಣಗಿಹೋಯಿತು.

ಅಷ್ಟೇ, ಮಂತ್ರ ಮುರಿದು ಮಾಂತ್ರಿಕ ಹೊಗೆಯಾಗಿ ಹಾರಿಹೋದ. ಅಂಗಳಕ್ಕಿಳಿದ ಕೊಕ್ಕರೆಯೊಂದು ಕಿನುವಾಗಿ ಒಳಗೆ ಓಡಿಬಂತು. ಊರಿಗೆಲ್ಲ ಹಬ್ಬ! ರಾಜನೇ ಬಂದು ಸಿಹಿ ಹಂಚಿದ.

ಕಿನು ಅಣ್ಣನ ಕೊರಳಿಗೆ ಜೋತುಬಿದ್ದು ಅತ್ತಳು, ನಕ್ಕಳು, ಅವನ ಮುಖ ನೋಡಿದಳು. ಅದು ಕದಲಲೇ ಇಲ್ಲ.

"ಅಣ್ಣಾ, ನಾನು ಬಂದದ್ದು ನಿನಗೆ ಸಂತೋಷ ಇಲ್ವಾ?"

"ಇದೆ ಕಣೇ. ತುಂಬಾ ಇದೆ."

ನಡೆದದ್ದನ್ನು ಹೇಳಿದರೆ ಮಗು ಜೀವಮಾನವಿಡೀ ನೊಂದುಕೊಳ್ಳುತ್ತದೆ ಎಂದು ಅವನು ಬಾಯಿ ಬಿಡಲಿಲ್ಲ. ಆಮೇಲೆ ಆ ರಾಜ್ಯದಲ್ಲಿ ಎಲ್ಲರೂ ಸುಖವಾಗಿದ್ದರು. ಕಿನು ಮಾತ್ರ ಅಣ್ಣನ ಆ ಮಾತನ್ನು ಕೊನೆಯವರೆಗೂ ನಂಬಲಿಲ್ಲ.