ಬಂಕಯ್ಯನ ತೋಳಿನ ಇಲಿಗಳು

ಏಳು ಕಡಲಿನ ಆಚೆ, ದಾರಿ ಕೇಳಿದರೆ ಯಾರೂ ಸರಿಯಾಗಿ ಹೇಳಲಾರದಷ್ಟು ದೂರದಲ್ಲಿ, ಆಂಗ್ಲಾವತಿ ಎಂಬ ರಾಜ್ಯವಿತ್ತು. ಅಲ್ಲಿ ಮಾತುಗಳಿಗೆ ಜೀವವಿತ್ತು. ಎಷ್ಟೋ ಮಾತುಗಳು ಲ್ಯಾಟಿನ್ ಎಂಬ ಮುದಿ ನಗರದಿಂದ ಹಡಗು ಹತ್ತಿ ಬಂದಿದ್ದವು. ಬರುವಾಗ ಒಂದೊಂದರ ತಲೆಯ ಮೇಲೂ ಒಂದು ಗಂಟು. ಗಂಟಿನೊಳಗೆ ಹುಟ್ಟೂರಿನ ಅರ್ಥ. ಬಂದ ಮಾತಿಗೆ ಹೊಟ್ಟೆ ತುಂಬ ಉಣಿಸಿ, ಗಂಟನ್ನು ಬಿಚ್ಚದೆ ಅಟ್ಟಕ್ಕೆ ಹಾಕಿ, ತಮಗೆ ಬೇಕಾದ ಕೆಲಸಕ್ಕೆ ಹಚ್ಚುವುದು ಆಂಗ್ಲಾವತಿಯವರ ಪದ್ಧತಿ. ಬಂದವರ ಗಂಟು ಬಿಚ್ಚಿ ನೋಡುವುದು ಮರ್ಯಾದೆಯಲ್ಲವಂತೆ. ಹೀಗಾಗಿ ತಮ್ಮ ಅಟ್ಟದ ಮೇಲೆ ಏನಿದೆಯೆಂದು ಆ ಪುಣ್ಯಾತ್ಮರಿಗೆ ಗೊತ್ತೇ ಇರಲಿಲ್ಲ.

ಊರಾಚೆಯ ಕೋಟೆಯಲ್ಲಿ ಬೇರುಗಣ್ಣನೆಂಬ ಮಾಂತ್ರಿಕನಿದ್ದ. ಹುಟ್ಟಿದಾಗ ಇದ್ದದ್ದೇ ನಿಜ, ಆಮೇಲೆ ಆದದ್ದೆಲ್ಲ ಸುಳ್ಳು ಎನ್ನುವುದು ಅವನ ಹಟ. ಒಂದು ಬೆಳಿಗ್ಗೆ ಅವನು ಮಂತ್ರದಂಡ ಬೀಸಿ, ಎಲ್ಲ ಅಟ್ಟಗಳ ಎಲ್ಲ ಗಂಟುಗಳನ್ನೂ ಬಿಚ್ಚಿಬಿಟ್ಟ.

ಊರು ಅಲ್ಲೋಲಕಲ್ಲೋಲವಾಯಿತು. ಕ್ಯಾಂಡಿಡೇಟ್ ಎಂದರೆ ಮುದಿ ನಗರದಲ್ಲಿ ಬಿಳಿ ಬಟ್ಟೆ ತೊಟ್ಟವನು. ಮಂತ್ರಿ ಪದವಿಗೆ ನಿಂತಿದ್ದ ಕ್ಯಾಂಡಿಡೇಟುಗಳೆಲ್ಲ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾದರು. ಡಿಲಿರಿಯಂ ಎಂದರೆ ನೇಗಿಲ ಸಾಲು ತಪ್ಪುವುದು; ಜ್ವರದಲ್ಲಿ ಬಡಬಡಿಸುತ್ತಿದ್ದವರೆಲ್ಲ ಎದ್ದು, ನೇಗಿಲು ಹಿಡಿದು, ರಾಜಬೀದಿಯನ್ನೇ ಅಡ್ಡಾದಿಡ್ಡಿ ಉತ್ತರು. ಮಸಲ್ ಎಂದರೆ ಪುಟ್ಟ ಇಲಿ. ಪೈಲ್ವಾನ ಬಂಕಯ್ಯನ ತೋಳುಗಳಿಂದ ಇಲಿಗಳು ಪುಳಪುಳನೆ ಹೊರಬಿದ್ದು ಕಣಜದ ಹಿಂದೆ ಓಡಿದವು.

"ಚಂದಲೆ, ನೀರಿನ ಚೊಂಬೂ ಎತ್ತಕ್ಕಾಗ್ತಿಲ್ಲ ಕಣೇ" ಎಂದು ಬಂಕಯ್ಯ ಹೆಂಡತಿಯನ್ನು ಕರೆದ.

ವೈದ್ಯರು ಬಂದು ಅವನ ಎದೆಗೆ ಕಿವಿಯಿಟ್ಟರು. "ಹೃದಯಾನೂ ಮಸಲ್ಲೇ ಅಲ್ವೇನಮ್ಮ? ಒಳಗೆ ಆಗಲೇ ಕಿಚಕಿಚ ಅಂತಿದೆ. ಹೊತ್ತು ಮುಳುಗೋದರೊಳಗೆ ಗಂಟುಗಳು ಮುಚ್ಚದಿದ್ರೆ ಅದೂ ಓಡುತ್ತೆ."

ಚಂದಲೆ ಸೆರಗು ಬಿಗಿದು ಕೋಟೆಯ ಕಡೆ ಓಡಿದಳು.

ಮೊದಲ ಬಾಗಿಲಲ್ಲಿ ಬೆಂಕಿಯುಗುಳುವ ದೈತ್ಯ ಟಗರು ಅಡ್ಡ ನಿಂತಿತ್ತು. "ನಾನು ಎಗ್ರೀಜಿಯಸ್! ಹುಟ್ಟೂರಲ್ಲಿ ಮಂದೆಯಲ್ಲೇ ಎದ್ದು ಕಾಣೋ ಟಗರು ಅಂತ ಹೊಗಳ್ತಿದ್ರು. ನೀವು ಘೋರ ತಪ್ಪು ಮಾಡಿದವರನ್ನ ಬೈಯೋಕೆ ನನ್ನ ಕರೀತೀರಿ. ನಿಮ್ಮೂರಿನವರನ್ನ ಒಳಗೆ ಬಿಡಲ್ಲ!"

"ಸಣ್ಣಪುಟ್ಟ ತಪ್ಪಿಗೆ ನಿನ್ನ ಯಾರಾದ್ರೂ ಕರೆದಿದ್ದಾರೇನಪ್ಪ?" ಎಂದಳು ಚಂದಲೆ. "ಅದಕ್ಕೆಲ್ಲ ಬೇರೆ ಚಿಲ್ಲರೆ ಮಾತುಗಳಿವೆ. ಎದ್ದು ಕಾಣೋ ತಪ್ಪಿಗೇ ನೀನು ಬೇಕು."

ಟಗರು ಯೋಚಿಸಿತು. ಹೌದಲ್ಲ ಎನ್ನಿಸಿತು. ಬೀಗುತ್ತ ದಾರಿ ಬಿಟ್ಟಿತು. ಬಿಂಕ ಮನುಷ್ಯರಿಗಷ್ಟೇ ಇರುತ್ತದೆಂದು ಯಾರು ಹೇಳಿದರು?

ಎರಡನೆಯ ಬಾಗಿಲಲ್ಲಿ ಒಬ್ಬ ಹುಡುಗಿ ಬೀಗದ ಕೈಗಳ ಗೊಂಚಲು ಹಿಡಿದು ಅಳುತ್ತಿದ್ದಳು. "ನಾನು ನೈಸ್, ಅಕ್ಕ. ಹುಟ್ಟೂರಲ್ಲಿ ನನ್ನನ್ನ ಏನೂ ತಿಳಿಯದವಳು ಅಂತಿದ್ರು. ನಿಮ್ಮೂರಿಗೆ ಬಂದು ಒಳ್ಳೆಯವಳಾಗಿದ್ದೆ. ಈಗ ಮತ್ತೆ ದಡ್ಡಿ. ಯಾವ ಕೈ ಹಾಕಬೇಕೋ ಗೊತ್ತಿಲ್ಲ."

ಹೊತ್ತು ಜಾರುತ್ತಿತ್ತು. ಆದರೂ ಚಂದಲೆ ಗದರಲಿಲ್ಲ. "ಅಳಬೇಡ ತಾಯಿ, ಒಟ್ಟಿಗೆ ನೋಡೋಣ" ಎಂದು ಒಂದೊಂದೇ ಕೈ ಹಾಕಿ ತಿರುಗಿಸಿದಳು. ಬಾಗಿಲು ತೆರೆಯಿತು. ಹುಡುಗಿ ಅವಳ ಕಿವಿಯಲ್ಲಿ ಹೇಳಿದಳು: "ಆ ದಂಡ ಯಾರ ಮೇಲೆ ಬಿದ್ರೂ ಅವರು ಮೊದಲಿದ್ದ ಹಾಗೇ ಆಗಿಬಿಡ್ತಾರೆ. ನನ್ನ ಮೇಲೂ ಹಾಗೇ ಬಿತ್ತು."

ಮೂರನೆಯ ಬಾಗಿಲಿನ ಒಳಗೆ ಬೇರುಗಣ್ಣನೇ ಇದ್ದ. ದಂಡ ಎತ್ತಿದ.

"ಸ್ವಾಮಿ, ಎಲ್ಲರನ್ನೂ ಮೊದಲಿನ ಹಾಗೆ ಮಾಡಿದ್ರಿ. ನಿಮ್ಮನ್ನು?" ಎಂದು ಕೇಳಿದಳು ಚಂದಲೆ.

"ನನ್ನನ್ನೇ? ನಾನು ಹುಟ್ಟಿನಿಂದಲೂ ಮಹಾಮಾಂತ್ರಿಕ! ನನ್ನಲ್ಲಿ ಬದಲಾಗಿರುವುದು ಏನೂ ಇಲ್ಲ."

"ಹಾಗಾದ್ರೆ ಹೆದರಿಕೆ ಯಾಕೆ? ಒಂದ್ಸಲ ಮುಟ್ಟಿಸ್ಕೊಳ್ಳಿ, ನೋಡೋಣ."

ಬೇರುಗಣ್ಣ ಕೆರಳಿ ದಂಡದಿಂದ ತನ್ನ ತಲೆಯನ್ನೇ ಮುಟ್ಟಿದ. ಗಡ್ಡ ಉದುರಿತು, ನಿಲುವಂಗಿ ಕುಸಿಯಿತು. ಅದರೊಳಗಿಂದ ಹಲ್ಲಿಲ್ಲದ ಒಂದು ಕೂಸು ಹೊರಬಂದು ಕಿಟಾರನೆ ಕಿರುಚಿತು. ಮಂತ್ರ ಹೇಳುವ ಬಾಯಿಗೆ ಮಾತೇ ಇಲ್ಲದಾಗ ಮಾಟ ನಿಲ್ಲುವುದೆಲ್ಲಿ? ಊರ ತುಂಬ ಗಂಟುಗಳು ತಾವಾಗಿ ಮುಚ್ಚಿಕೊಂಡವು. ನೈಸ್ ಹುಡುಗಿ ಕಣ್ಣೊರೆಸಿಕೊಂಡು ನಕ್ಕಳು. ಕ್ಯಾಂಡಿಡೇಟುಗಳಿಗೆ ಬಣ್ಣ ಬಂತು, ಜ್ವರದವರು ನೇಗಿಲು ಬಿಟ್ಟು ಮಲಗಿದರು.

ಕೂಸನ್ನು ಅಲ್ಲೇ ಬಿಟ್ಟು ಹೋಗಲು ಚಂದಲೆಗೆ ಮನಸ್ಸಾಗಲಿಲ್ಲ. ಎದೆಗವಚಿಕೊಂಡು ಮನೆಗೆ ಓಡಿದಳು. ಬಂಕಯ್ಯ ಹೊಸ್ತಿಲಲ್ಲಿ ಎದ್ದು ನಿಂತಿದ್ದ, ಮೊದಲಿನಷ್ಟೇ ಗಟ್ಟಿಮುಟ್ಟಾಗಿ. ಅವಳಿಗೆ ಸಂತೋಷಕ್ಕೆ ಅಳುವೇ ಬಂತು.

"ಇದ್ಯಾರೇ?" ಎಂದ ಬಂಕಯ್ಯ.

"ಹಸಿದಿದೆ. ಮೊದಲು ಹಾಲು ಕಾಯಿಸಿ" ಎಂದಳು ಅವಳು.

ಆ ಹುಡುಗ ಅವರ ಮನೆಯಲ್ಲೇ ಬೆಳೆದ. ಊರೂ ಸುಖವಾಗಿತ್ತು, ಮಾತುಗಳೂ ತಮ್ಮಿಷ್ಟದಂತೆ ಬದಲಾಗುತ್ತ ಸುಖವಾಗಿದ್ದವು. ಎಷ್ಟೋ ವರ್ಷದ ಮೇಲೆ ಯಾರೋ ಬಾಯಿಬಡುಕರು ಅವನನ್ನು ತಡೆದು ಕೇಳಿದರು: "ಏನೋ, ನೀನು ಮೊದಲು ದೊಡ್ಡ ಮಾಂತ್ರಿಕನಾಗಿದ್ದೆಯಂತೆ, ನಿಜವೇನೋ?"

"ಇದ್ರೂ ಇದ್ದೆನೇನೋ" ಎಂದ ಹುಡುಗ. "ಈಗ ನಾನು ಚಂದಲೆ ಮಗ. ದಾರಿ ಬಿಡಿ, ಅವ್ವ ಊಟಕ್ಕೆ ಕಾಯ್ತಿದ್ದಾಳೆ."