ಹತ್ತನೇ ಮನೆಯ ಐದು ರೊಟ್ಟಿ

“ಸರ್, ನಮ್ಮ ತಮ್ಮಗ ಇನ್ನೂ ಎಂಟು ತಿಂಗಳು. ಅವನೂ ಮೂರು ರೊಟ್ಟಿ ತಿಂದಾನಂತ ಬರದಾಳ ನೋಡ್ರಿ!”

ಯಲ್ಲೇಶ್ ಹೀಗೆ ಕೂಗಿದ್ದೇ ತಡ, ಎಂಟನೇ ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು. ಪಂಪಾವತಿಗೆ ಬೆಂಚಿನ ಕೆಳಗೆ ತೂರಿಕೊಳ್ಳೋಣ ಅನ್ನಿಸಿತು.

ಸಂಖ್ಯಾಶಾಸ್ತ್ರದ ಪಾಠಕ್ಕೆಂದು ಗಣಿತದ ಜಂಬುನಾಥ್ ಸರ್ ಒಂದು ಕೆಲಸ ಕೊಟ್ಟಿದ್ದರು. ಓಣಿಯ ಹತ್ತು ಮನೆಗೆ ಹೋಗಬೇಕು. ಮನೆಯಲ್ಲಿ ಎಷ್ಟು ಜನ, ನಿನ್ನೆ ಎಷ್ಟು ರೊಟ್ಟಿ ಮಾಡಿದರು ಎಂದು ಕೇಳಿ ಬರೆಯಬೇಕು. ಆಮೇಲೆ ತಲೆಗೆ ಎಷ್ಟು ಎಂದು ಸರಾಸರಿ ತೆಗೆಯಬೇಕು.

ಪಂಪಾವತಿ ಯಾರ ಮನೆಗೂ ಹೋಗಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಎಲ್ಲರ ಮನೆಯವರನ್ನೂ ನೆನಪಿನಿಂದ ಎಣಿಸಿ, ಮೂರರಿಂದ ಗುಣಿಸಿ, ಕುಂಟೆಬಿಲ್ಲೆ ಆಡಲು ಓಡಿದ್ದಳು. ಸರಾಸರಿ ಸರಿಯಾಗಿ ಮೂರೇ ಬಂದಿತ್ತು. ಅದಕ್ಕೆ ಭಾರಿ ಹೆಮ್ಮೆ ಬೇರೆ!

“ನಿಮ್ಮ ಓಣ್ಯಾಗ ಎಲ್ಲಾರಿಗೂ ಅಳತಿ ಮಾಡಿದಂಗ ಹಸಿವು ಆಗ್ತತೇನವಾ?” ಸರ್ ನಗುತ್ತಲೇ ಕೇಳಿದರು. “ನಾಳೆ ಚಾರ್ಟ್ ಗೋಡೆಗೆ ಹಾಕ್ತೀನಿ. ಖರೇ ಲೆಕ್ಕ ತಂದ್ರ ನಿಂದೂ ಇರ್ತತಿ. ಇಲ್ಲಂದ್ರ ಇಲ್ಲ.”

ಸಂಜೆ ಪಂಪಾವತಿ ಪೆನ್ನು ಹಿಡಿದು ಹೊರಟಳು. ಒಂದು ಮನೆಗೆ ನೆಂಟರು ಬಂದು ಮೂವತ್ತೆರಡು ರೊಟ್ಟಿ. ಪಕ್ಕದ ಮನೆಯಲ್ಲಿ ಒಂದೂ ಇಲ್ಲ, ನಿನ್ನೆ ಅವರಿಗೆ ಚಿತ್ರಾನ್ನ. ಭತ್ತದ ಗದ್ದೆ ಕೆಲಸ ಮುಗಿಸಿ ಬಂದಿದ್ದ ಮೂಕಪ್ಪ ಮಾವ ಒಬ್ಬನೇ ಎಂಟು ತಿಂದಿದ್ದ. “ಇದನ್ನ ಸಾಲ್ಯಾಗ ಜೋರಾಗಿ ಓದ್ತಾರೇನು?” ಎಂದು ನಾಚಿಕೊಂಡ.

ಹತ್ತನೆಯದು ಉಚ್ಚೆಂಗಮ್ಮಜ್ಜಿಯ ಮನೆ. ಅಜ್ಜಿ ಒಬ್ಬಳೇ ಇರುತ್ತಾಳೆ. ಮಾತಿಗೆ ಸಿಕ್ಕವರನ್ನು ಸುಮ್ಮನೆ ಬಿಡುವವಳಲ್ಲ. ಅದಕ್ಕೇ ಪಂಪಾವತಿ ದಿನವೂ ಆ ಬಾಗಿಲು ಬಂದಾಗ ಓಡಿಬಿಡುತ್ತಿದ್ದಳು. ಇವತ್ತು ಹೊಸ್ತಿಲಲ್ಲೇ ನಿಂತಳು.

“ಅಜ್ಜಿ, ನಿನ್ನೆ ಎಷ್ಟು ರೊಟ್ಟಿ ಮಾಡಿದ್ರಿ? ಜಲ್ದಿ ಹೇಳ್ರಿ.”

“ಐದು.”

“ಒಬ್ರಿಗೆ ಐದಾ?”

“ನನಗ ಎರಡು ಭಾಳ ಆತು. ಯಾರರ ಬಂದ್ರ ಇರ್ಲಿ ಅಂತ ದಿನಾ ಮೂರು ಜಾಸ್ತಿ ಬಡೀತೀನಿ.”

“ನಿನ್ನೆ ಯಾರು ಬಂದಿದ್ರು?”

“ಯಾರೂ ಬರ್ಲಿಲ್ಲ. ಎಮ್ಮಿಗೆ ಹಾಕಿದೆ,” ಎಂದು ಅಜ್ಜಿ ನಕ್ಕಳು.

ಪಂಪಾವತಿಗೆ ನಗು ಬರಲಿಲ್ಲ. ಐದು ಎಂದು ಬರೆದುಕೊಂಡು ಮೆಲ್ಲಗೆ ಮನೆಗೆ ನಡೆದಳು.

ಮರುದಿನ ಸರ್ ಪಟ್ಟಿ ನೋಡಿ ಹುಬ್ಬೇರಿಸಿದರು. “ಒಬ್ಬಾಕಿ ಅಜ್ಜಿಗೆ ಐದು? ಮತ್ತ ಕಟ್ಟಿ ಮ್ಯಾಲ ಕುಂತು ಬರದ್ಯಾ?”

“ಇಲ್ಲ ಸರ್. ಕೇಳಿ ಬರದೀನಿ. ಖರೇನ ಐದು.”

ಸರ್ ಅವಳ ಮುಖ ನೋಡಿದರು. ಹೆಚ್ಚು ಕೇಳದೆ ಪಟ್ಟಿಯನ್ನು ಚಾರ್ಟಿಗೆ ಅಂಟಿಸಿದರು. ಯಲ್ಲೇಶ್ ಮೂಕಪ್ಪ ಮಾವನ ಎಂಟನ್ನು ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದ. ಪಂಪಾವತಿ ಮಾತ್ರ ಕೊನೆಯ ಸಾಲಿನ ಐದನ್ನೇ ನೋಡುತ್ತ ನಿಂತಳು.

ಶಾಲೆ ಬಿಟ್ಟಿತು. ಓಣಿಯಲ್ಲಿ ಗೆಳತಿಯರು ಆಗಲೇ ಕುಂಟೆಬಿಲ್ಲೆಗೆ ಗೆರೆ ಎಳೆಯುತ್ತಿದ್ದರು. ಪಂಪಾವತಿ ಅವರನ್ನು ದಾಟಿ ಹೋಗಿ ಉಚ್ಚೆಂಗಮ್ಮಜ್ಜಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು.

“ಮತ್ತ ಲೆಕ್ಕ ಬರ್ಕೊಳ್ಳಾಕ ಬಂದ್ಯೇನವಾ?”

“ಇಲ್ಲಜ್ಜಿ. ಹಸಿವಾಗೈತಿ.”

ಅಜ್ಜಿ ತಟ್ಟೆಗೆ ರೊಟ್ಟಿ, ಗುರೆಳ್ಳು ಪುಡಿ ಹಾಕಿ ಎದುರಿಗೆ ಕುಳಿತಳು. ಮಾತೂ ಶುರುವಾಯಿತು. ಪಂಪಾವತಿ ಬ್ಯಾಗನ್ನು ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಕೊಂಡು ಕುಳಿತಳು.