ಹೆಸರು ಒತ್ತೆಯಿಟ್ಟ ಕರಡಿಗಳು

ಬಹಳ ಬಹಳ ಹಿಂದೆ, ಜನ ತಮ್ಮ ವಯಸ್ಸನ್ನು ಕಂಡ ಚಳಿಗಾಲಗಳಿಂದ ಎಣಿಸುತ್ತಿದ್ದ ಬಿಳಿಗಡಿ ಎಂಬ ರಾಜ್ಯವಿತ್ತು. ವರ್ಷಕ್ಕೆ ಆರು ತಿಂಗಳು ಅಲ್ಲಿ ಸಮುದ್ರವೇ ಹೆಪ್ಪುಗಟ್ಟಿ ಮಲಗುತ್ತಿತ್ತು ಅಂದರೆ ಚಳಿ ಎಂಥದ್ದೆಂದು ನೀವೇ ಯೋಚಿಸಿ.

ಅಲ್ಲಿ ಹದಿನೆಂಟು ಚಳಿಗಾಲ ಕಂಡವರೆಲ್ಲ ಒಂದು ದಾರಿ ಆರಿಸಿಕೊಳ್ಳಬೇಕಿತ್ತು. ಕರಡಿತೊಗಲು ಹೊದ್ದು ಕಾದುವ ವೀರರದು ಒಂದು ದಾರಿ. ಕಲ್ಲಿನಲ್ಲಿ ಮಂತ್ರಾಕ್ಷರ ಕೊರೆಯುವವರದು ಇನ್ನೊಂದು. ಕೋಲು ಹಿಡಿದು ಕಣಿ ಹೇಳುವವರದು ಮೂರನೆಯದು. ಹಾಡುಗಾರರದೂ ಒಂದಿತ್ತು. ಆದರೆ ಅದನ್ನು ಯಾರೂ ಆರಿಸುತ್ತಿರಲಿಲ್ಲವಾಗಿ ಎಣಿಸುವವರು ಮೂರಕ್ಕೇ ನಿಲ್ಲಿಸುತ್ತಿದ್ದರು.

ಕರಡಿತೊಗಲು ಹೊದ್ದವನು ನಿಜವಾಗಿ ಕರಡಿಯೇ ಆಗುತ್ತಿದ್ದ. ಅದಕ್ಕೊಂದು ಕಟ್ಟಳೆ. ಹೊದೆಯುವ ಮುಂಚೆ ತನ್ನ ಹೆಸರನ್ನು ಒಬ್ಬರ ಬಳಿ ಇಟ್ಟು ಹೋಗಬೇಕು. ಆ ಗಳಿಗೆಯಿಂದ ಉಳಿದವರಿಗೆಲ್ಲ ಅದು ಮರೆತುಹೋಗುತ್ತದೆ, ಅವನಿಗೂ. ಯುದ್ಧ ಮುಗಿದ ಮೇಲೆ ಇಟ್ಟುಕೊಂಡವರು ಕರೆದರೆ, ಹೆಸರು ನೆನಪಾಗಿ ತೊಗಲು ಕಳಚಿ ಬೀಳುತ್ತದೆ. ಮೂರು ಚಳಿಗಾಲ ಕಳೆದರೂ ನೆನಪಾಗದಿದ್ದರೆ ತೊಗಲು ಮೈಗೇ ಹತ್ತಿಬಿಡುತ್ತದೆ. ಅದಕ್ಕೇ ಎಲ್ಲರೂ ಹೆಸರನ್ನು ಅಮ್ಮನ ಬಳಿ ಇಡುತ್ತಿದ್ದರು.

ಹೀಗಿರುವಾಗ ಗ್ರಿಮಾರ್ ಎಂಬ ಮಂತ್ರವಾದಿ ಬಂದ. ಮುದಿ ರಾಜನಿಗೆ ನಿದ್ದೆಯ ಮದ್ದು ಕುಡಿಸಿ ತಾನೇ ರಾಜ್ಯವಾಳತೊಡಗಿದ. ಬಲು ನಯದ ಮಾತು ಅವನದು. "ಅಮ್ಮಂದಿರಿಗೆ ವಯಸ್ಸಾಗುತ್ತೆ ಕಣ್ರಪ್ಪಾ, ಮರೆವು ಬರುತ್ತೆ. ನನ್ನ ಹತ್ತಿರ ಕಬ್ಬಿಣದ ಪೆಟ್ಟಿಗೆ ಇದೆ. ಹೆಸರು ಅದರಲ್ಲಿಡಿ, ಭದ್ರವಾಗಿರುತ್ತೆ," ಎಂದ. ಬುದ್ಧಿವಂತ ಹುಡುಗರೇ ಮೊದಲು ನಂಬಿದರು. ಬುದ್ಧಿವಂತರಿಗೆ ಪೆಟ್ಟಿಗೆ ಕಂಡರೆ ಗೌರವ ಜಾಸ್ತಿ.

ಥೋರಾ ಎಂಬ ಹುಡುಗಿಯ ಅಣ್ಣನೂ ಅಲ್ಲೇ ಇಟ್ಟ. ಅವನ ಹೆಸರೇನೆಂದು ಕೇಳಬೇಡಿ, ಮರೆತುಹೋಯಿತು ಅಂದೆನಲ್ಲ. ಯುದ್ಧ ಮುಗಿಯಿತು. ಗ್ರಿಮಾರ್ ಪೆಟ್ಟಿಗೆ ತೆರೆಯಲಿಲ್ಲ. ಅಲ್ಲಿ ಹೆಸರಿಟ್ಟ ಒಂಬತ್ತು ಹುಡುಗರೂ ಕರಡಿಗಳಾಗಿಯೇ ಅವನ ಕಾವಲಿಗೆ ನಿಂತರು, ಜನ ಉಸಿರೆತ್ತಲಿಲ್ಲ.

ಎರಡು ಚಳಿಗಾಲ ಕಳೆದವು. ಥೋರಾಳಿಗೆ ಹದಿನೆಂಟಾಯಿತು. ಅಣ್ಣನನ್ನು ಬಿಡಿಸುವ ದಾರಿ ಯಾವುದೋ ಅದನ್ನೇ ಹಿಡಿಯುತ್ತೇನೆಂದು ಹೊರಟಳು.

ಮೊದಲು ಕರಡಿವೀರರ ಗುರುವಿನ ಬಳಿ ಹೋದಳು. "ನಿನ್ನ ಅಣ್ಣನನ್ನು ಕೆಡವೋದು ಕಲಿಸಬಲ್ಲೆ. ಎಬ್ಬಿಸೋದು ನನಗೆ ಗೊತ್ತಿಲ್ಲ," ಎಂದ ಆತ.

ಆಮೇಲೆ ಅಕ್ಷರ ಕೊರೆಯುವವನ ಬಳಿ ಹೋದಳು. "ಹೆಸರು ಹೇಳು, ಬಂಡೆಯಲ್ಲಿ ಕೊರೆದು ಅವನನ್ನು ಎಳೆದು ತರ್ತೀನಿ," ಎಂದ. ಹೇಳಲು ಹೆಸರೆಲ್ಲಿದೆ?

ಕೊನೆಗೆ ಕಣಿಯವಳ ಬಳಿ ಹೋದಳು. ಅವಳು ಕಣ್ಣು ಮುಚ್ಚಿ, "ಪೆಟ್ಟಿಗೆ ಕಾಣ್ತಿದೆ. ಬೀಗವೂ ಕಾಣ್ತಿದೆ. ಕಾಣೋದಷ್ಟೇ ನನ್ನ ಕೆಲಸ ತಾಯಿ," ಎಂದಳು.

ಮೂರೂ ದಾರಿ ಮುಗಿದವು. ಹಿಂದಿರುಗುವಾಗ ಒಂದು ಗುಡಿಸಲ ಮುಂದೆ ಮುದುಕಿಯೊಬ್ಬಳು ಮೀನು ಒಣಗಿಸುತ್ತಿದ್ದಳು. ಹೆಸರು ಉನ್ನಾ, ರಾಜ್ಯದಲ್ಲಿ ಉಳಿದಿದ್ದ ಒಬ್ಬಳೇ ಹಾಡುಗಾರ್ತಿ.

ಥೋರಾಳ ಕತೆ ಕೇಳಿ, "ಅಳಬೇಡ, ಮೀನಿಗೆ ಉಪ್ಪು ಜಾಸ್ತಿಯಾಗುತ್ತೆ," ಎಂದಳು ಉನ್ನಾ. "ಹೆಸರು ಹೋಯಿತು ಅಂತೀಯ. ಮಾಡಿದ್ದು ಎಲ್ಲಿ ಹೋಗುತ್ತೆ? ಅದನ್ನು ಪೆಟ್ಟಿಗೆಯಲ್ಲಿಡೋಕೆ ಅವನಿಗೂ ತೋಚಲಿಲ್ಲ ನೋಡು."

"ಹಾಗಾದರೆ ಹಾಡು ಕಲಿಸಜ್ಜಿ."

"ಹಾಡು ಬಾಯಿಂದ ಕಲಿಯೋದಲ್ಲ ಮಗಳೇ, ಕಿವಿಯಿಂದ. ಒಂಬತ್ತು ಮನೆಗೂ ಹೋಗು. ಅವರವರ ಮಗ ಏನೇನು ಮಾಡಿದ್ದ ಅಂತ ಕೇಳಿಕೊಂಡು ಬಾ. ಶೌರ್ಯ ಬೇಡ, ಅದು ಎಲ್ಲರದೂ ಒಂದೇ ಥರ ಇರುತ್ತೆ."

ಮೂರನೆಯ ಚಳಿಗಾಲವಿಡೀ ಥೋರಾ ಹಿಮ ತುಳಿದು ಮನೆಮನೆಗೆ ಹೋದಳು. ಅಮ್ಮಂದಿರು ಮೊದಲು ಬೈದರು, ಆಮೇಲೆ ಅತ್ತರು, ಆಮೇಲೆ ಎದ್ದುಹೋಗಲು ಬಿಡಲಿಲ್ಲ.

ಚಳಿಗಾಲದ ಕೊನೆಯ ದಿನ ಹಿಮ ಒಡೆಯುವ ಹಬ್ಬ. ನಡುಮಧ್ಯಾಹ್ನ ಅವಳು ಅರಮನೆಗೆ ಹೋಗಿ ಹಾಡುತ್ತೇನೆಂದಳು. ಬಿಳಿಗಡಿಯಲ್ಲಿ ಹಾಡುಗಾರರಿಗೆ ಮನೆಯೊಡೆಯ ಉಪ್ಪು ಕೊಟ್ಟು ಕೂರಿಸಿದನೆಂದರೆ ಹಾಡು ಮುಗಿಯುವವರೆಗೆ ತಡೆಯುವಂತಿಲ್ಲ. ತಡೆದ ಕೈ ಕಲ್ಲಾಗುತ್ತದೆ.

ಗ್ರಿಮಾರನಿಗೆ ನಗು ಬಂತು. "ಯಾರನ್ನು ಹೊಗಳ್ತೀಯಮ್ಮಾ? ಇಲ್ಲಿರೋ ಯಾರಿಗೂ ಹೆಸರೇ ಇಲ್ಲವಲ್ಲ," ಎಂದು ತಾನೇ ಅವಳ ಅಂಗೈಗೆ ಉಪ್ಪು ಹಾಕಿದ.

ಥೋರಾ ಶುರುಮಾಡಿದಳು. "ಚಳಿಗಾಳಿಗೆ ಹೆದರುವ ಆಡುಮರಿಯನ್ನು ಅಂಗಿಯೊಳಗೆ ಮಲಗಿಸಿಕೊಂಡು, ಅಂಗಿ ಕೆಟ್ಟಿತೆಂದು ಒದೆ ತಿಂದವನೊಬ್ಬ." ಬಾಗಿಲ ಬಳಿಯ ಕರಡಿ ತಲೆಯೆತ್ತಿತು.

"ಅಪ್ಪ ತೀರಿಕೊಂಡ ದಿನ ಯಾರಿಗೂ ಹೇಳದೆ ಅಪ್ಪನ ಬೂಟು ಹಾಕಿಕೊಂಡು ದೊಡ್ಡವನಾದವನೊಬ್ಬ." ಕಂಬದ ಬಳಿಯ ಕರಡಿ ಮುಂಗಾಲುಗಳನ್ನು ನೋಡಿಕೊಂಡಿತು. "ನಾನು ಓರ್ಮ್," ಎಂದಿತು. ತೊಗಲು ಕಳಚಿ ಬಿತ್ತು.

ಗ್ರಿಮಾರ್ ಥಟ್ಟನೆ ಎದ್ದು ಅವಳ ಬಾಯಿ ಮುಚ್ಚಲು ಕೈಚಾಚಿದ. ಬೆರಳಿಂದ ಮೊಣಕೈವರೆಗೆ ಕಲ್ಲಾಯಿತು. ಆ ಭಾರಕ್ಕೆ ಅಲ್ಲೇ ಕುಸಿದು ಕೂತ.

ಒಬ್ಬೊಬ್ಬರಾಗಿ ಎಂಟು ಮಂದಿ ತಮ್ಮ ಹೆಸರು ತಾವೇ ಹೇಳಿಕೊಂಡು ಎದ್ದರು. ಉಳಿದದ್ದು ಒಂದು ಕರಡಿ, ಬಲಗಾಲಿನಲ್ಲಿ ನಾಲ್ಕೇ ಬೆರಳು. ಥೋರಾ ಅದರ ಮುಂದೆ ಹೋಗಿ ನಿಂತಳು. ಹಾಡು ನಿಂತರೆ ಮುಗಿಯಿತೆಂದೇ ಲೆಕ್ಕ. ಬಲವಂತವಾಗಿ ಮಾತು ತೆಗೆದಳು.

"ತಂಗಿಯ ಆಟದ ದೋಣಿ ಐಸಿನ ತೂತಿಗೆ ಬಿತ್ತೆಂದು ನೀರಿಗಿಳಿದು, ಚಳಿಗೆ ಕಾಲ್ಬೆರಳು ಕಳೆದುಕೊಂಡು, ಮೀನು ತಿಂದಿತು ಅಂತ ಅಮ್ಮನಿಗೆ ಸುಳ್ಳು ಹೇಳಿದವನೊಬ್ಬ."

ಕರಡಿ ಬಲಗಾಲನ್ನು ಹಿಂದಕ್ಕೆಳೆದುಕೊಂಡಿತು. "ಸುಳ್ಳಲ್ಲ. ಮೀನೇ ತಿಂದದ್ದು," ಎಂದಿತು. ಆಮೇಲೆ ಮೆಲ್ಲಗೆ, "ನಾನು ಕೆಟಿಲ್," ಎಂದಿತು.

ಮದ್ದು ಕುಡಿಸುವವರಿಲ್ಲದೆ ರಾಜನ ನಿದ್ದೆ ಹರಿಯಿತು. ಪೆಟ್ಟಿಗೆ ಒಡೆದು ನೋಡಿದರೆ ಖಾಲಿ. ಗ್ರಿಮಾರ್ ನೆಲದಲ್ಲಿ ಕೂತೇ, "ನನ್ನ ಹಾಡೂ ಇದೆಯಾ?" ಎಂದು ಕೇಳಿದ.

"ಇಲ್ಲ," ಎಂದಳು ಥೋರಾ. "ಇನ್ನೊಂದು ಕೈ ಇದೆಯಲ್ಲ. ಏನಾದರೂ ಮಾಡು, ಆಗ ಕೇಳಿಕೊಳ್ತೀನಿ."

ಅವನು ಉಳಿದ ಆಯುಷ್ಯವೆಲ್ಲ ಒಂದೇ ಕೈಯಲ್ಲಿ ಉನ್ನಾಳ ಮೀನು ಒಣಗಿಸಿದನಂತೆ. ಬಿಳಿಗಡಿಯವರು ಅಂದಿನಿಂದ ದಾರಿಗಳನ್ನು ನಾಲ್ಕು ಎಂದೇ ಎಣಿಸುತ್ತ ಸುಖವಾಗಿದ್ದರು. ಬೆರಳು ತಿಂದ ಆ ಮೀನಿನ ವಿಷಯದಲ್ಲಿ ಮಾತ್ರ ಅಣ್ಣ ತಂಗಿ ಮುಪ್ಪಿನವರೆಗೂ ಜಗಳವಾಡಿದರು.